ಮಣಿಕಟ್ಟಿಗೇ ಮರೆಯಾದ ಅಂಗೈ

ಮೊನ್ನೆ ಬಸವೇಶ್ವರನಗರದ ಮಗಳ ಮನೆಗೆ ಹೋಗಿದ್ದೆ. ಟೆರೇಸಿನ ಸಿಮೆಂಟ್ ತೊಟ್ಟಿಯಲ್ಲಿ ಮೊಮ್ಮಗಳು ಮೀನು ಸಾಕಿದ್ದಾಳೆ. ಮೇಲಿನ ಜಾಲರಿ ತೆಗೆದದ್ದೇ ತಡ, ಗಪ್ಪೆಂದು ಪಾಚಿಯ ವಾಸನೆ. ಮಗಳು "ಛೀ" ಎಂದು ಮೂಗು ಮುಚ್ಚಿಕೊಂಡಳು. ನಾನು ಬಳೆ ಹಿಂದಕ್ಕೆ ಸರಿಸಿ ಕೈಯನ್ನು ನೀರಿಗೆ ಬಿಟ್ಟೆ. ಮಣಿಕಟ್ಟು ಮುಳುಗುವಷ್ಟರಲ್ಲೇ ಅಂಗೈ ಕಾಣದಾಯಿತು...

ಲಿಂಗ ಕಟ್ಟಿದ ಮನೆಯವಳು ನಾನು, ಮೀನು ತಿಂದವಳಲ್ಲ. ನನಗೆ ಈ ವಿದ್ಯೆ ಕಲಿಸಿದವನು ಮೀನಿನಜ್ಜ.

ಎಪ್ಪತ್ತರ ದಶಕ. ದಾವಣಗೆರೆ ಕಡೆಯಿಂದ ಮದುವೆಯಾಗಿ ಕಾಮಾಕ್ಷಿಪಾಳ್ಯದ ಆಚೆಗಿನ ಮನೆಗೆ ಬಂದಿದ್ದೆ. ಹಿತ್ತಿಲ ಬೇಲಿ ದಾಟಿದರೆ ಕೆರೆ ಏರಿ. ಅಜ್ಜ ಆ ಕೆರೆಯನ್ನು ಗುತ್ತಿಗೆ ಹಿಡಿದಿದ್ದ. ಒಂದು ಮೂಲೆಗೆ ಮಣ್ಣಿನ ಬದು ಹಾಕಿ, ಅದರೊಳಗೆ ಕಾಟ್ಲಾ, ರೋಹು ಮರಿಗಳನ್ನು ಬೆರಳುದ್ದ ಬೆಳೆಸಿ, ಆಮೇಲೆ ಕೆರೆಗೆ ಬಿಡುತ್ತಿದ್ದ. ಆ ಮರಿಗಳು ಉಳಿದರೆ ಅವನಿಗೆ ಆ ವರ್ಷದ ಅನ್ನ.

ನಮ್ಮ ಎರಡು ಹಸುಗಳ ಸಗಣಿ ಅವನ ಮರಿಗಳಿಗೆ. ಸಗಣಿಯಿಂದ ನೀರು ಹಸಿರಾಗುತ್ತಿತ್ತು, ಆ ಹಸಿರೇ ಮೀನಿಗೆ ಮೇವು. ಬೇಸಿಗೆಯಲ್ಲಿ ತಳದ ಗೋಡುಮಣ್ಣು ತಂದು ನಮ್ಮ ಮಲ್ಲಿಗೆಯ ಬುಡಕ್ಕೆ ಹಾಕುತ್ತಿದ್ದ. "ಮೀನಿನವನ ಹತ್ರ ಏನೇ ಅಷ್ಟು ಮಾತು ನಿಂದು?" ಎಂದು ಅತ್ತೆ ಸಿಡುಕುತ್ತಿದ್ದರು. ತವರು ಬಿಟ್ಟು ಬಂದ ನನ್ನನ್ನು ದಿನಾ "ಉಂಡ್ಯಾ ತಾಯಿ?" ಎಂದು ಕೇಳುತ್ತಿದ್ದವನು ಆ ಊರಲ್ಲಿ ಅವನೊಬ್ಬನೇ. ಅದನ್ನು ಅತ್ತೆಗೆ ಹೇಗೆ ಹೇಳಲಿ?

ಒಂದು ಶ್ರಾವಣ. ವಾರವಿಡೀ ಮೋಡ. ಅಜ್ಜ ಬೇಲಿಯಾಚೆಯಿಂದ, "ಬಿಸ್ಲು ಬರೋಗಂಟ ಸಗಣಿ ಬ್ಯಾಡ ಕಣವ್ವ, ನೀರಿಗೆ ಅರಗಾಕಿಲ್ಲ" ಎಂದ. ಅವನು ಸಂಕೋಚಕ್ಕೆ ಹಾಗೆನ್ನುತ್ತಾನೆ ಎಂದುಕೊಂಡೆ. ನಮ್ಮ ಕಡೆ ಎಲೆಯ ಮುಂದೆ ಕೂತವರು ಸಾಕು ಸಾಕು ಎಂದರೂ, ಅವರು ಅಡ್ಡ ಹಿಡಿದ ಕೈ ಸರಿಸಿ ಇನ್ನೊಂದು ಹೋಳಿಗೆ ಹಾಕುವುದೇ ಮರ್ಯಾದೆ! ಜೊತೆಗೆ ಹಿತ್ತಿಲಲ್ಲಿ ಸಗಣಿ ಗುಡ್ಡೆಯಾಗಿ ಅತ್ತೆಯ ಗೊಣಗಾಟ ಬೇರೆ. ಅಜ್ಜ ಇಲ್ಲದ ಒಂದು ಸಂಜೆ ಬದುವಿನೊಳಗೆ ಎಂಟು ಬುಟ್ಟಿ ಸುರಿದೆ. ಎಂಥ ಸಂಭ್ರಮ ನನಗೆ, ದೊಡ್ಡ ಉಪಕಾರ ಮಾಡಿದೆನೆಂದು.

ಬೆಳಿಗ್ಗೆ ನೀರು ಬಡಿಯುವ ಸದ್ದಿಗೆ ಎದ್ದು ಓಡಿದೆ. ಮರಿಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಅಜ್ಜ ಸೊಂಟಮಟ್ಟದ ನೀರಿನಲ್ಲಿ ನಿಂತು ತೆಂಗಿನ ಗರಿಯಿಂದ ಪಟಪಟ ಬಡಿಯುತ್ತಿದ್ದ.

"ಉಸ್ರು ಕಟ್ಟೈತೆ ಇವಕ್ಕೆ! ನೀರಿಗೆ ಗಾಳಿ ಸೇರ್ಬೇಕು!"

ಸೆರಗು ಸಿಕ್ಕಿಸಿಕೊಂಡು ನಾನೂ ಇಳಿದೆ. ಏರಿಯ ಮೇಲಿಂದ ಅತ್ತೆ, "ಅಯ್ಯೋ ಶಿವನೇ, ಏನೇ ಇದು ನಿನ್ನ ಅವತಾರ!" ಎಂದು ಕೂಗುತ್ತಿದ್ದರು. ಹೊತ್ತು ಮೇಲೇರುವವರೆಗೂ ಬಡಿದೆವು. ಮುಕ್ಕಾಲುಪಾಲು ಸತ್ತುಹೋದವು. ಬೆಳ್ಳಗೆ, ಬೆರಳುದ್ದ...

ಅಜ್ಜ ಬೊಗಸೆ ನೀರೆತ್ತಿ ಮೂಸಿ ನೋಡಿದ. "ಯಾರೋ ಪಾಪ, ಒಳ್ಳೇದಾಗ್ಲಿ ಅಂತ ಹಾಕವ್ರೆ" ಎಂದನಷ್ಟೇ. ಹಾಕಿದ್ದು ನಾನೇ ಎನ್ನದೆ ಸತ್ತ ಮರಿಗಳನ್ನು ಆಯತೊಡಗಿದೆ. ಅವನು ಬಯ್ಯುತ್ತಾನೆಂದಲ್ಲ, ನಾಳೆಯಿಂದ "ಉಂಡ್ಯಾ ತಾಯಿ" ಎನ್ನುವುದನ್ನು ಬಿಟ್ಟುಬಿಟ್ಟರೆ ಎಂದು ಹೆದರಿದೆ.

ಬಿಸಿಲು ಬಂದ ದಿನ ಅಜ್ಜ ನನ್ನನ್ನೇ ಬದುವಿನ ಹತ್ತಿರ ಕರೆದ. "ಕೈ ಬುಡು ತಾಯಿ. ಮೊಣಕೈ ಮುಳುಗೋಗಂಟ ಅಂಗೈ ಕಂಡ್ರೆ ನೀರು ಹಸಿದೈತೆ, ಹಾಕು. ಮಣಿಕಟ್ಟಿಗೇ ಮರೆಯಾದ್ರೆ ಹೊಟ್ಟೆ ತುಂಬೈತೆ, ಹಾಕ್ಬ್ಯಾಡ. ಇನ್ಮ್ಯಾಕೆ ನೀನೇ ನೋಡಿ ಹಾಕು." ಉಳಿದ ಒಂದಿಷ್ಟು ಮರಿಗಳನ್ನು ನನ್ನ ಕೈಗೆ ಒಪ್ಪಿಸಿ, ಆ ವರ್ಷವೆಲ್ಲ ರಾಜಾಜಿನಗರದಲ್ಲಿ ಯಾರದೋ ಕಟ್ಟಡಕ್ಕೆ ಮಣ್ಣು ಹೊರಲು ಹೋದ. ಸಂಜೆ ಬಂದವನು ಬೇಲಿಯ ಬಳಿ ನಿಂತು, ಯಾವತ್ತಿನಂತೆ, ಉಂಡೆಯಾ ಎಂದು ಕೇಳುತ್ತಿದ್ದ.

ಒಂದೆರಡು ವರ್ಷಕ್ಕೆ ಮೇಲಿನ ಬಡಾವಣೆಯ ಚರಂಡಿ ಕೆರೆಗೆ ತಿರುಗಿತು. ಅಜ್ಜ ಕೈ ಬಿಟ್ಟು ನೋಡಿದ. ಬೆರಳೇ ಕಾಣಲಿಲ್ಲ. "ಇದನ್ನ ಬ್ಯಾಡ ಅಂತ ಯಾರಿಗೆ ಹೇಳಾನವ್ವ?" ಎಂದ. ಬಲೆ ಸುತ್ತಿಕೊಂಡು ಕೆಂಗೇರಿ ಕಡೆಗೆ ಹೋದವನು ಮತ್ತೆ ಬರಲಿಲ್ಲ. ಈಗ ಅಲ್ಲಿ ಕೆರೆಯೂ ಇಲ್ಲ, ಸಾಲು ಮನೆಗಳಿವೆ.

"ಅಜ್ಜಿ, ಇನ್ನೊಂಚೂರು ಹಾಕ್ಲಾ? ಪಾಪ, ಹಸ್ದಿದಾವೆ." ಮೊಮ್ಮಗಳು ಮೀನಿನ ತಿಂಡಿಯ ಡಬ್ಬಿ ಹಿಡಿದು ನಿಂತಿದ್ದಳು.

"ಬೇಡ ಕಣೇ" ಎಂದು ಅವಳ ಕೈ ಹಿಡಿದು ನೀರಿಗಿಳಿಸಿದೆ. ಅಂಗೈ, ಮಣಿಕಟ್ಟು ಎಂದು ಅಜ್ಜನ ಮಾತನ್ನೇ ಹೇಳಿಕೊಟ್ಟೆ. ಅಜ್ಜ ಇದನ್ನು ಬೇರೆ ಯಾರಿಗೂ ಕಲಿಸಿರಲಿಲ್ಲ. ಸುರಿದವರು ಯಾರೆಂದು ಅವನಿಗೆ ಅವತ್ತೇ ಗೊತ್ತಿತ್ತು.

"ಎಂಟು ಬುಟ್ಟಿ ಹಾಕಿದ್ದು ನಾನೇ ಕಣೇ" ಎಂದೆ.

"ಏನಜ್ಜಿ?" ಎಂದಳು ಮೊಮ್ಮಗಳು, ನೀರಿನೊಳಗೆ ತನ್ನ ಅಂಗೈ ಹುಡುಕುತ್ತ.