ಒಬ್ಬರೇ ಕೂರುವ ವಿಮಾನ, ನಲವತ್ತು ಸೀಟಿನ ಬಸ್ಸು

ಯುದ್ಧ ಮುಗಿದ ಮೇಲೆ ಫೈಟರ್ ವಿಮಾನದ ಪೈಲಟ್ಟಿಗೆ ಏನು ಕೆಲಸ? ಎರಡು ವರ್ಷ ಜೀವವನ್ನು ಅಂಗೈಯಲ್ಲಿ ಹಿಡಿದು ಹಾರಿದವನಿಗೆ ಸರ್ಕಾರ ಒಂದು ಪದಕ, ಒಂದು ಜೊತೆ ಹೊಸ ಬಟ್ಟೆ ಕೊಟ್ಟು ಮನೆಗೆ ಕಳಿಸಿತು. ಪ್ರಯಾಣಿಕರ ವಿಮಾನ ಓಡಿಸೋಣವೆಂದರೆ ಅಲ್ಲಿ ಅವನಂಥವರದೇ ಉದ್ದ ಸಾಲು. ಹೊಲಿಗೆ ಯಂತ್ರ ಮಾರಲು ಹೋದ. ಮೂರು ತಿಂಗಳಲ್ಲಿ ಮಾರಿದ್ದು ಎರಡು, ಅದರಲ್ಲೊಂದು ಅತ್ತೆಯ ಮನೆಗೆ. ಗೋದಾಮಿನಲ್ಲಿ ಗುಮಾಸ್ತನಾದ. ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಕೂತು ಮುಖ ಬಾಡಿಹೋಯಿತು.

"ಎದುರಿಗೊಂದು ಗಾಜು, ಕಾಲ ಹತ್ರ ಒಂದು ಎಂಜಿನ್ನು ಇಲ್ದಿದ್ರೆ ನಿಮಗೆ ಊಟ ಸೇರಲ್ಲ ಕಣ್ರೀ" ಎಂದು ಹೆಂಡತಿಯೇ ಬಸ್ ಡಿಪೋದ ಅರ್ಜಿ ತಂದುಕೊಟ್ಟಳು. ಅವಳ ಮಾತು ಸುಳ್ಳಾಗಲಿಲ್ಲ. ಆ ಅಗಲವಾದ ಸ್ಟೀರಿಂಗ್ ಹಿಡಿದ ದಿನವೇ ಅವನಿಗೆ ಇದು ತನ್ನ ಕೆಲಸ ಅನ್ನಿಸಿಬಿಟ್ಟಿತು. ಇದೂ ಹೋದರೆ ತಾನು ಇನ್ನೆಲ್ಲೂ ಸಲ್ಲುವುದಿಲ್ಲ ಎಂಬ ಭಯವೂ ಅಂದೇ ಶುರುವಾಯಿತು.

ಭಯಕ್ಕೆ ತಕ್ಕ ಹಾಗೆ ಮೊದಲ ದಿನವೇ ಎಡವಟ್ಟು. ಬೆಳಿಗ್ಗೆ ಬಸ್ಸಿಗೆ ಒಂದು ಸುತ್ತು ಬಂದ, ಟೈರುಗಳನ್ನೆಲ್ಲ ಒದ್ದು ನೋಡಿದ, ಬ್ರೇಕು ನೋಡಿದ, ಕನ್ನಡಿ ಒರೆಸಿದ. ಯುದ್ಧದಲ್ಲಿ ಕಲಿತ ಶಿಸ್ತು, ಕೂದಲೆಳೆಯಷ್ಟೂ ಲೋಪವಿಲ್ಲ. ಎಲ್ಲ ಸರಿಯಿದೆ ಎಂದು ಹೊರಟೇಬಿಟ್ಟ. ನಾಲ್ಕನೇ ಸ್ಟಾಪಿನಲ್ಲಿ ಮುದುಕನೊಬ್ಬ "ಟಿಕೆಟ್ ಯಾರು ಕೊಡ್ತಾರಪ್ಪ?" ಎಂದು ಕೇಳಿದಾಗಲೇ ಗೊತ್ತಾದದ್ದು, ಕಂಡಕ್ಟರನ್ನು ಡಿಪೋದಲ್ಲೇ ಬಿಟ್ಟು ಬಂದಿದ್ದಾನೆ. ಪಾಪ, ಅವನ ವಿಮಾನದಲ್ಲಿ ಇದ್ದದ್ದೇ ಒಂದು ಸೀಟು. ತಾನು ಹತ್ತಿದರೆ ಎಲ್ಲರೂ ಹತ್ತಿದ ಹಾಗೆ.

ಕಂಡಕ್ಟರ್ ಐವತ್ತರ ಹತ್ತಿರದ ಹೆಂಗಸು. ಗಂಡಸರೆಲ್ಲ ಯುದ್ಧಕ್ಕೆ ಹೋದಾಗ ಕೆಲಸಕ್ಕೆ ಸೇರಿ, ಅವರು ತಿರುಗಿ ಬಂದ ಮೇಲೂ ಜಾಗ ಬಿಟ್ಟುಕೊಡದ ಗಟ್ಟಿಗಿತ್ತಿ. ಹಿಂದಿನ ಬಸ್ಸಿನಲ್ಲಿ ಬಂದು ಇಳಿದು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಪೈಲಟ್ ಸಾಹೇಬ್ರೇ, ನಾನೂ ಈ ಬಸ್ಸಿಗೇ ಸೇರಿದವಳು. ನಾನು ರೈಟ್ ಅನ್ನೋವರೆಗೂ ಗಾಡಿ ಒಂದು ಗೇಣೂ ಅಲ್ಲಾಡಬಾರದು."

ಡಿಪೋದವರು ಒಂದು ವಾರ ಹೊಟ್ಟೆ ಹಿಡಿದುಕೊಂಡು ನಕ್ಕರು. ಮ್ಯಾನೇಜರ್ ಮಾತ್ರ ನಗದೆ ಅವನ ಹೆಸರಿನ ಮುಂದೆ ಒಂದು ದೂರು ಬರೆದುಕೊಂಡ.

ಎರಡನೆಯದು ನಗುವ ಸಂಗತಿಯಾಗಿರಲಿಲ್ಲ. ಬಟ್ಟೆ ಗಿರಣಿಗೆ ಹೋಗುವ ದಾರಿಯಲ್ಲಿ ಗೇಟಿಲ್ಲದ ರೈಲು ಹಳಿಯೊಂದಿತ್ತು. ಕಂಡಕ್ಟರ್ ಇಳಿದು ಹಳಿಯವರೆಗೆ ಹೋಗಿ, ಎರಡೂ ಕಡೆ ನೋಡಿ "ರೈಟ್" ಎಂದು ಕೂಗಬೇಕು, ಆಮೇಲೆ ಡ್ರೈವರ್ ದಾಟಿಸಬೇಕು. ಡ್ರೈವರ್ ಸೀಟು ಬಿಟ್ಟು ಏಳುವ ಹಾಗಿಲ್ಲ. ಇವನೋ, ಅವಳು ಕೂಗಿದ ಮೇಲೂ ತಾನೇ ಇಳಿದು ಹೋಗಿ, ಎಡಕ್ಕೆ ಬಲಕ್ಕೆ ಕಣ್ಣು ಕಿರಿದು ಮಾಡಿ ನೋಡಿ ಬರುತ್ತಿದ್ದ. ದಿನಾ ಇದೇ ಪಾಡು. ಒಂದು ದಿನ ಹೀಗೆ ಇಳಿದಾಗ ಬ್ರೇಕು ಸಡಿಲಿ, ಬಸ್ಸು ಜನರ ಸಮೇತ ಇಳಿಜಾರಿನಲ್ಲಿ ನಾಲ್ಕಡಿ ಹಿಂದಕ್ಕೆ ಜಾರಿತು. ಯಾರಿಗೂ ಏನೂ ಆಗಲಿಲ್ಲ, ಅದು ಅವನ ಪುಣ್ಯ.

"ಎರಡಾಯ್ತು," ಎಂದ ಮ್ಯಾನೇಜರ್. "ಮೂರನೇ ದೂರು ಬಂದ್ರೆ ಯೂನಿಫಾರ್ಮ್ ಇಲ್ಲಿಟ್ಟು ಮನೆಗೆ ಹೋಗಿ."

ಹೊರಗೆ ಬಂದಾಗ ಕಂಡಕ್ಟರ್ ಕೇಳಿದಳು, "ನನ್ನ ಕಣ್ಣು ಕುರುಡಾ?"

"ಹಾಗಲ್ಲ ಅಕ್ಕ" ಎಂದು ಬಸ್ಸಿನ ಕಡೆ ನಡೆದ. ಕಾರಣ ಹೇಳುವುದಾದರೆ ಯುದ್ಧದಲ್ಲಿ ಜೊತೆಗೆ ಹಾರುತ್ತಿದ್ದ ಗೆಳೆಯನ ಕತೆ ಹೇಳಬೇಕಿತ್ತು. ಜೀವಕ್ಕೆ ಜೀವ ಕೊಡುವ ಗೆಳೆಯ. ಒಂದು ಸಂಜೆ ಇಬ್ಬರೂ ದಣಿದು ಹಿಂದಿರುಗುತ್ತಿದ್ದಾಗ ವಾಯುನೆಲೆಯಿಂದ ರೇಡಿಯೋದಲ್ಲಿ ಯಾರೋ "ಹಿಂದೆ ಯಾರೂ ಇಲ್ಲ, ಇಳಿ" ಎಂದರು. ಗೆಳೆಯ ನಂಬಿದ, ವಿಮಾನದ ಚಕ್ರ ಹೊರಬಿಟ್ಟು ಇಳಿಯತೊಡಗಿದ. ಹಿಂದೆ ಶತ್ರು ಒಬ್ಬನಿದ್ದ. ಅಂದಿನಿಂದ ಇವನು ತನ್ನ ಕಣ್ಣನ್ನು ಬಿಟ್ಟು ಬೇರೆ ಯಾರ ಕಣ್ಣನ್ನೂ ನಂಬಲಿಲ್ಲ. ಹಾಗಾಗಿಯೇ ಬದುಕಿ ಬಂದೆ ಎಂದುಕೊಂಡಿದ್ದ. ಇದನ್ನು ಹೆಂಡತಿಗೂ ಹೇಳಿರಲಿಲ್ಲ.

ಆಮೇಲೆ ಆ ಮಂಜಿನ ಬೆಳಿಗ್ಗೆ ಬಂತು. ಬಸ್ಸಿನ ತುಂಬ ಗಿರಣಿಯ ಜನ. ಏಳು ಗಂಟೆಗೆ ಗಿರಣಿಯ ಬಾಗಿಲು ಮುಚ್ಚಿದರೆ ಅರ್ಧ ದಿನದ ಹಾಜರಿ ಹೋಯಿತೆಂದೇ ಲೆಕ್ಕ. ಹಳಿಯ ಹತ್ತಿರ ಬಸ್ಸು ನಿಂತಿತು. ಕಂಡಕ್ಟರ್ ಇಳಿದು ನಾಲ್ಕು ಹೆಜ್ಜೆ ಇಟ್ಟಳೋ ಇಲ್ಲವೋ, ಕಾಣದಾದಳು. ಆಕಾಶದಲ್ಲಿ ಸಾಸಿವೆಯಷ್ಟು ಚುಕ್ಕೆಯನ್ನೂ ಬಿಡದ ಅವನ ಕಣ್ಣಿಗೆ ಬಸ್ಸಿನ ಮೂತಿಯೂ ಕಾಣಲಿಲ್ಲ.

"ರೈಟ್" ಎಂದು ಮಂಜಿನೊಳಗಿಂದ ಕೂಗು ಬಂತು.

ಅವನ ಕೈ ಗೇರಿನ ಮೇಲಿತ್ತು, ಅಲ್ಲೇ ಇತ್ತು. ಹಿಂದೆ ನಲವತ್ತು ಜೀವ. ಇಳಿದು ಹೋದರೆ ಕೆಲಸ ಹೋಗುತ್ತದೆ. ಇಳಿದರೂ ಈ ಮಂಜಿನಲ್ಲಿ ನೋಡುವುದಾದರೂ ಏನನ್ನು?

"ಹೊರಡಿ ಸಾರ್, ಬಾಗಿಲು ಮುಚ್ಚಿಬಿಡ್ತಾರೆ" ಎಂದು ಒಬ್ಬ ಗೊಣಗಿದ. "ಇವತ್ತು ಲೇಟಾದ್ರೆ ಡಿಪೋಗೆ ಬರೆದುಕೊಡೋದೇ" ಎಂದ ಇನ್ನೊಬ್ಬ.

"ರೈಟ್" ಎಂದು ಎರಡನೇ ಸಲ ಕೇಳಿತು. ಅವನ ಪ್ರಾಣ ನಿಜಕ್ಕೂ ಬಾಯಿಗೆ ಬಂದಿತ್ತು, ಯುದ್ಧದಲ್ಲೂ ಹೀಗೆ ಹೆದರಿದ್ದು ಕಡಿಮೆ. ಆಗ, ಯಾಕೋ, ಆ ಕೂಗು ಎಲ್ಲಿಂದ ಬರುತ್ತಿದೆ ಎಂದು ಯೋಚಿಸಿದ. ಅಂದು ರೇಡಿಯೋದಲ್ಲಿ ಇಳಿ ಅಂದವನು ನೆಲೆಯ ಕೋಣೆಯೊಳಗೆ ಬೆಚ್ಚಗೆ ಕೂತಿದ್ದ. ಈಕೆ ಹಳಿಯ ಮೇಲೆ ಎರಡೂ ಕಾಲೂರಿ ನಿಂತು ಕೂಗುತ್ತಿದ್ದಾಳೆ. ರೈಲು ಬಂದರೆ ಮೊದಲು ಬರುವುದು ಅವಳ ಮೇಲೆಯೇ.

ಮೂರನೇ "ರೈಟ್" ಬಂದಾಗ ಗೇರು ಹಾಕಿದ. ಚಕ್ರದ ಕೆಳಗೆ ಹಳಿಗಳು ಒಂದಾದ ಮೇಲೊಂದು ಬಸ್ಸನ್ನು ಎತ್ತಿಹಾಕಿದವು. ಬಸ್ಸು ಆಚೆ ಬದಿಗೆ ಬಂದು ನಿಂತಿತು. ಕಂಡಕ್ಟರ್ ಹತ್ತಿ, ಒದ್ದೆಯಾದ ಮುಖ ಒರೆಸಿಕೊಂಡಳು.

"ಕಿವಿ ಕೇಳಿಸಲ್ವಾ? ಮೂರು ಸಲ ಕೂಗಿಸಿದ್ರಲ್ಲ."

"ಮೊದಲನೇ ಸಲಾನೇ ಕೇಳಿಸ್ತು ಅಕ್ಕ. ನಂಬೋಕೆ ಮೂರು ಸಲ ಬೇಕಾಯ್ತು."

ಅವಳು ಅವನ ಮುಖವನ್ನೇ ನೋಡಿದಳು.

"ನಾಳೆ ಎರಡು ಸಲಕ್ಕೇ ಹೊರಡಿ" ಎಂದು ಟಿಕೆಟ್ ಕೊಡಲು ಹಿಂದಕ್ಕೆ ಹೋದಳು.

ಅಂದು ಸಂಜೆ ಅವನು ಹೆಂಡತಿಯ ಎದುರು ಕೂತು ಗೆಳೆಯನ ಹೆಸರು ಹೇಳಿದ, ಕತೆ ಹೇಳಿದ, ಅತ್ತ. ಎದೆ ಹಗುರವಾಯಿತು. ಒಂದೇ ಸಲಕ್ಕೆ ಹೊರಡುವುದನ್ನು ಕಲಿಯಲು ಮಾತ್ರ ಇನ್ನೂ ಹದಿನೈದು ದಿನ ಹಿಡಿಯಿತು. ಆಮೇಲೆ ಇಪ್ಪತ್ತೆರಡು ವರ್ಷ ಅದೇ ದಾರಿಯಲ್ಲಿ ಬಸ್ಸು ಓಡಿಸಿದ. ಆ ಹಳಿಯ ಹತ್ತಿರ ಮತ್ತೆಂದೂ ಸೀಟು ಬಿಟ್ಟು ಇಳಿಯಲಿಲ್ಲ.