ಮಂತ್ರಿಗಳ ಉತ್ತರ ಮತ್ತು ನಮ್ಮೂರ ಬಾವಿ ನೀರು

ಮಂತ್ರಿಯನ್ನು ಎದ್ದು ನಿಲ್ಲಿಸಿ ಪ್ರಶ್ನೆ ಕೇಳಬಹುದು ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಬೀದರಿನ ಗಾಂಧಿ ಗಂಜದಲ್ಲಿ, ತೊಗರಿ ಚೀಲಗಳ ನಡುವೆ ಕೂತು. ಕೇಳಿ ನಕ್ಕುಬಿಟ್ಟೆ. ನಗದೆ ಏನು ಮಾಡಲಿ? ನಿಜಾಮರ ಕಾಲದಲ್ಲಿ ಹುಟ್ಟಿ ಬೆಳೆದವನು ನಾನು. ಕಂದಾಯದ ಗಿರ್ದಾವರ ಊರಿಗೆ ಬಂದರೆ ನಮ್ಮಪ್ಪ ಚಪ್ಪಲಿ ಕಳಚಿ ಕಂಕುಳಲ್ಲಿಟ್ಟುಕೊಂಡು ನಿಲ್ಲುತ್ತಿದ್ದ. ಅರ್ಜಿ ಕೊಡಬಹುದಿತ್ತು, ಕೈ ಮುಗಿಯಬಹುದಿತ್ತು. ಪ್ರಶ್ನೆ ಏನಿದ್ದರೂ ಕೇಳುವವರು ಅವರು, ನಡುಗುವವರು ನಾವು.

ಪೋಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿಯಿತು. ಮೂರ್ನಾಲ್ಕು ವರ್ಷಕ್ಕೆ ಚುನಾವಣೆಯೂ ಆಗಿ ನಮ್ಮ ಕಡೆಯವರೊಬ್ಬರು ಹೈದರಾಬಾದಿನ ಅಸೆಂಬ್ಲಿಗೆ ಆರಿಸಿ ಹೋದರು. ಎಲ್ಲರ ಬಾಯಲ್ಲೂ ಅವರು ಮೆಂಬರ್ ಸಾಹೇಬರು. ನಾನು ಗುಮಾಸ್ತನಾಗಿದ್ದ ಅಡತಿ ಅಂಗಡಿಗೆ ಒಂದು ಮಧ್ಯಾಹ್ನ ಬಂದು, ಹಮಾಲರ ಪಕ್ಕದಲ್ಲೇ ಚೀಲದ ಮೇಲೆ ಕೂತು ಚಹಾ ಕುಡಿದರು. ಅದನ್ನು ನೋಡಿಯೇ ನಾನು ಅರ್ಧ ಬೆರಗಾಗಿದ್ದೆ.

"ನಿಮ್ಮೂರಾಗ ಏನು ತಕಲೀಫ್ ಅದ ಹೇಳಪ್ಪಾ. ನಾ ಮಂತ್ರಿಗಿ ಕೇಳ್ತೇನಿ. ಅವರು ಎದ್ದು ನಿಂತು ಉತ್ತರ ಕೊಡ್ಲಿಕ್ಕೇ ಬೇಕು," ಅಂದರು.

"ಕೊಡ್ಲಿಲ್ಲಂದ್ರರಿ?"

"ಮತ್ತ ಕೇಳ್ತೇನಿ."

ನಾನು ನಗುವುದನ್ನು ನಿಲ್ಲಿಸಿ ನಮ್ಮೂರ ಬಾವಿಯ ಕಥೆ ಹೇಳಿದೆ.

ನಮ್ಮೂರು ಔರಾದ ತಾಲೂಕಿನಲ್ಲಿ, ಠಾಣಾ ಕುಶನೂರಿನ ಆಚೆ, ಗಾಡಿ ದಾರಿ ಮುಗಿಯುವಲ್ಲಿ. ಊರಿಗೆಲ್ಲ ಇದ್ದದ್ದು ಒಂದೇ ಮೆಟ್ಟಿಲ ಬಾವಿ. ಹೆಂಗಸರು ಮೆಟ್ಟಿಲಿಳಿದು, ಮೊಣಕಾಲ ಮಟ ನೀರಿನಲ್ಲಿ ನಿಂತು ಕೊಡ ತುಂಬಬೇಕು. ಕಾಲಿಟ್ಟದ್ದೂ ಅದೇ ನೀರು, ಕುಡಿದದ್ದೂ ಅದೇ ನೀರು. ಬೇಸಿಗೆ ಬಂತೆಂದರೆ ಮನೆಮನೆಯಲ್ಲೂ ನಾರುಹುಣ್ಣು. ಕಾಲಲ್ಲಿ ಬೊಬ್ಬೆ ಎದ್ದು, ಒಡೆದು, ಒಳಗಿನಿಂದ ದಾರದಂಥ ಹುಳ ತಲೆ ಹಾಕುತ್ತದೆ. ಜಗ್ಗಿದರೆ ಹರಿಯುತ್ತದೆ, ಹರಿದರೆ ಕಾಲು ಕೀವಾಗುತ್ತದೆ. ಅದಕ್ಕೇ ಅದನ್ನು ಕಸಬರಿಗೆ ಕಡ್ಡಿಗೆ ಸುತ್ತಿ, ದಿನಾ ಒಂದಿಷ್ಟೇ ತಿರುವುತ್ತ ವಾರಗಟ್ಟಲೆ ಕೂಡಬೇಕು. ನಮ್ಮವ್ವ ಬೇಸಿಗೆ ಬೇಸಿಗೆಗೂ ಹಾಗೆ ಕೂಡುತ್ತಿದ್ದಳು. ಒಮ್ಮೆ ಗಾಡಿ ಕಟ್ಟಿಕೊಂಡು ಭಾಲ್ಕಿಯ ದವಾಖಾನೆಗೆ ಒಯ್ದರೆ ಡಾಕ್ಟರು ನಮ್ಮ ಮೇಲೇ ರೇಗಿದರು. "ಔಷಧ ಏನ್ ಕೊಡ್ಲಿ? ರೋಗ ನಿಮ್ಮ ಬಾವ್ಯಾಗ ಅದ. ಯಾರೂ ನೀರಿಗಿ ಇಳೀಬಾರ್ದು. ಮ್ಯಾಲಿಂದ ಹಗ್ಗ ಬಿಟ್ಟು ಸೇದೋ ಬಾವಿ ಮಾಡ್ಕೋರಿ. ಇಲ್ಲಾಂದ್ರ ವರ್ಷಾ ಇಲ್ಲೇ ಬರ್ರಿ."

ಅವ್ವ ಮಲಗಿದಾಗ ಬಾವಿಗೆ ಇಳಿಯುತ್ತಿದ್ದವಳು ನನ್ನ ತಂಗಿ, ಇನ್ನೂ ಲಂಗ ಉಡುವ ಹುಡುಗಿ. ಅವಳ ಕಾಲಿಗೆ ಇನ್ನೂ ಏನೂ ಆಗಿರಲಿಲ್ಲ. ಸೇದುವ ಬಾವಿಯೊಂದು ಬಂದರೆ ಆ ಕಾಲು ಉಳಿಯುತ್ತದೆ. ನನಗೆ ಬೇಕಿದ್ದದ್ದು ಅಷ್ಟೇ.

ಮೆಂಬರ್ ಸಾಹೇಬರು ಮಾತಿನ ಮನುಷ್ಯ. ಅಸೆಂಬ್ಲಿ ಕೂಡಿದಾಗ ಪ್ರಶ್ನೆ ಬಂತು, ನನ್ನನ್ನೂ ಜೊತೆಗೆ ರೈಲು ಹತ್ತಿಸಿಕೊಂಡು ಹೋದರು. ಮೇಲಿನ ಗ್ಯಾಲರಿಯಲ್ಲಿ ಪಾಸು ಹಿಡಿದು ಕೂತೆ. ಅಬಾಬಾ, ಏನು ಹೇಳಲಿ! ಕೆಳಗೆ ಒಬ್ಬರು ಏನೋ ಕೇಳಿ ಆರಾಮ ಕೂತುಬಿಟ್ಟರು, ಮಂತ್ರಿ ಎದ್ದು ನಿಂತರು! ಇನ್ನೊಬ್ಬರು ತೆಲುಗಿನವರು, ಬಸ್ಸು ಯಾಕೆ ಬರುತ್ತಿಲ್ಲ ಎಂದು ಜಬರಿಸಿ ಕೇಳಿದರು. ಮಂತ್ರಿ ಮತ್ತೆ ಎದ್ದರು. ನಮ್ಮಪ್ಪ ಇದನ್ನು ನೋಡಿದ್ದರೆ ಎದೆಯೊಡೆದು ಅಲ್ಲೇ ಬೀಳುತ್ತಿದ್ದ ಅನಿಸಿತು. ನನಗೂ ಮೈ ಜುಮ್ ಅಂದಿತು, ಕಣ್ಣಲ್ಲಿ ನೀರೂ ಬಂತು, ನಾಚಿಕೆ ಯಾತಕ್ಕೆ.

ನಮ್ಮೂರ ಪಾಳಿ ಬಂತು. ಮಂತ್ರಿಗಳು ಉರ್ದುವಿನಲ್ಲಿ ಉತ್ತರ ಓದಿದರು. ಉರ್ದು ಸಾಲೆಯಲ್ಲಿ ಕಲಿತವನು, ಒಂದೊಂದು ಮಾತೂ ನನಗೆ ಸ್ವಚ್ಛ ತಿಳಿಯಿತು. ಪ್ರಶ್ನೆ ಬಂದ ಕೂಡಲೇ ಔರಾದಿನಿಂದ ಅಧಿಕಾರಿಯೊಬ್ಬರನ್ನು ಊರಿಗೇ ಕಳಿಸಿ ತಪಾಸು ಮಾಡಿಸಲಾಗಿದೆ. ಊರಿನ ಜನ ಯಾವ ತಕರಾರೂ ಇಲ್ಲವೆಂದು ಹೇಳಿದ್ದಾರೆ. ನಾರುಹುಣ್ಣಿನ ಒಬ್ಬ ರೋಗಿಯೂ ಕಣ್ಣಿಗೆ ಬಿದ್ದಿಲ್ಲ. ಅಧಿಕಾರಿ ಸ್ವತಃ ಆ ನೀರು ಕುಡಿದಿದ್ದಾರೆ, ನೀರು ತಿಳಿಯಾಗಿಯೂ ಸಿಹಿಯಾಗಿಯೂ ಇದೆ. ಹೊಸ ಬಾವಿಯ ಅಗತ್ಯ ಕಾಣುವುದಿಲ್ಲ.



ಮೆಂಬರ್ ಸಾಹೇಬರು ಬಿಡಲಿಲ್ಲ, ಎದ್ದು ಮೇಲಿಂದ ಮೇಲೆ ಕೇಳಿದರು. ಅಧಿಕಾರಿ ಯಾರನ್ನು ಕಂಡರು? ಬಾವಿಗೆ ಇಳಿದು ನೋಡಿದರೇ? ಮಂತ್ರಿಗಳು ನಗುತ್ತಲೇ ಹೇಳಿದರು: ಮಾನ್ಯ ಸದಸ್ಯರು ಆ ನೀರು ಕುಡಿದು ನೋಡಿದ್ದಾರೋ ಇಲ್ಲವೋ ಗೊತ್ತಿಲ್ಲ, ನಮ್ಮವರಂತೂ ಕುಡಿದಿದ್ದಾರೆ. ಸಭೆಯೆಲ್ಲ ಘೊಳ್ಳೆಂದು ನಕ್ಕಿತು. ಮೆಂಬರ್ ಸಾಹೇಬರ ಮುಖ ಸಣ್ಣದಾಯಿತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ಸುಳ್ಳು! ಅದೆಲ್ಲಾ ಸುಳ್ಳು ಅದ!" ಎಂದು ಎದ್ದು ನಿಂತು ಕೂಗಿಬಿಟ್ಟೆ. ಪಟ್ಟಿ ಕಟ್ಟಿದ ಇಬ್ಬರು ಜವಾನರು ರಟ್ಟೆ ಹಿಡಿದು ನನ್ನನ್ನು ಹೊರಗೆ ತಂದು ಬಿಟ್ಟರು.

ಮೆಂಬರ್ ಸಾಹೇಬರು ಬಹಳ ಹೊತ್ತಿನ ಮೇಲೆ ಬಂದರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ, ಮೆತ್ತಗೆ ಹೇಳಿದರು.

"ಸುಳ್ಳಲ್ಲಪ್ಪಾ. ನಾ ಅವರ ರಿಪೋರ್ಟ್ ಓದ್ಕೊಂಡೇ ಬಂದೀನಿ. ಆ ಅಧಿಕಾರಿ ನಿಮ್ಮ ಮನಿ ಕಟ್ಟಿ ಮ್ಯಾಲೇ ಕೂತಿದ್ದಾ. ನೀರು ಕೊಟ್ಟದ್ದು ನಿಮ್ಮವ್ವ. ತಕರಾರು ಇಲ್ಲಂದದ್ದು ನಿಮ್ಮಪ್ಪ."

 ಅದೇ ರಾತ್ರಿ ಇಬ್ಬರೂ ರೈಲು ಹತ್ತಿದೆವು.

ಊರು ಮುಟ್ಟಿದರೆ ಮನೆಯಲ್ಲಿ ಹಬ್ಬದ ಕಳೆ! ಅವ್ವ ಬಾಗಿಲಲ್ಲೇ ಹಿಡಿದುಕೊಂಡಳು. "ಬಂದೇನು ಮಗಾ? ಔರಾದಿಂದ ಸಾಹೇಬ್ರು ಬಂದಿದ್ರು ನೋಡು, ಜೀಪ್‌ನ್ಯಾಗ. ನಮ್ಮ ಕಟ್ಟಿ ಮ್ಯಾಲೇ ಕೂತಿದ್ರು. ಖುಷ್ ಆಗಿ ಹೋದ್ರು!" ಊರಿನ ಮಾನ ಉಳಿಸಿದೆ ಎಂಬ ಹಿಗ್ಗು ಅವಳ ಮುಖದ ತುಂಬ.

"ನೀರು ಎಲ್ಲಿಂದ ಕೊಟ್ಟಿ?"

"ಕುಶನೂರ ದಾರ್ಯಾಗ ಆ ತೋಟದ ಬಾವಿ ಅದಲ್ಲಾ, ಅಲ್ಲಿಂದ. ಸಾಹೇಬ್ರು ಬರ್ತಾರಂತ ತಳವಾರ ಹೇಳಿ ಹೋಗಿದ್ದಾ. ನಸುಕಿನ್ಯಾಗ ನಿನ್ನ ತಂಗಿಗಿ ಕಳಿಸಿ ತರಿಸ್ದೆ."

ನನಗೆ ಉರಿದುಹೋಯಿತು. "ನಮ್ಮ ಬಾವಿ ನೀರು ಹ್ಯಾಂಗ ಅದ ಅಂತ ನೋಡ್ಲಿಕ್ಕೇ ಬಂದಿದ್ದನವ್ವಾ ಅವಾ! ಅದನ್ನೇ ಕೊಡಬೇಕಾಗಿತ್ತು!"

ಅವ್ವ ನನ್ನನ್ನೇ ಮಿಕಿಮಿಕಿ ನೋಡಿದಳು. "ಏನಂದೀ? ಮನಿಗಿ ಬಂದವರಿಗಿ ಹುಳದ ನೀರು ಕೊಡ್ಲೇನು? ಬೆಲ್ಲ ಕೊಟ್ಟು ಮ್ಯಾಲ ಅಂಥ ನೀರು ಕೊಡಂತೀ? ಸಾಲಿ ಕಲ್ತು ಇದೇ ಬುದ್ಧಿ ಬಂತೇನು ನಿನಗ?"

ಹಾಳಾಗಿ ಹೋಗಲಿ, ಇದಕ್ಕೆ ಯಾವ ಮಂತ್ರಿ ಏನು ಮಾಡಿಯಾನು! ವೈರಿ ಬಂದರೂ ಬೆಲ್ಲ-ನೀರು ಕೊಡದೆ ಮಾತಾಡಿಸದ ಸೀಮೆ ನಮ್ಮದು. ಆ ಅಧಿಕಾರಿಯೂ ಬೆಲ್ಲ ಚಪ್ಪರಿಸಿ, ನೀರು ಕುಡಿದು, ಕುಡಿದದ್ದನ್ನೇ ಬರೆದುಕೊಂಡು ಹೋಗಿದ್ದ. ತಂಗಿಯ ಕೈಲಿ ಬೆಲ್ಲ-ನೀರು ಕಳಿಸಿ, ಅಷ್ಟು ಹೊತ್ತೂ ಅವ್ವ ಒಳಗೆ ಕೌದಿ ಹೊದ್ದು ಹುಣ್ಣಿನ ಕಾಲು ಮುಚ್ಚಿಕೊಂಡು ಕೂತಿದ್ದಳಂತೆ. ಪರಗಂಡಸಿಗೆ ಕಾಲು ತೋರಿಸುವುದುಂಟೇ?

ಅಪ್ಪ ಮೂಲೆಯಲ್ಲಿ ಹಗ್ಗ ಹೊಸೆಯುತ್ತಿದ್ದ. ನಾನು ಅವನ ಮೇಲೆ ಹರಿಹಾಯ್ದೆ. "ಅಕಿಗಿ ತಿಳೀಲಿಲ್ಲ, ನಿನಗರೇ ತಿಳೀಬಾರ್ದೇನಪ್ಪಾ? ನಿಜಾಮ ಹೋದ, ರಜಾಕಾರರು ಹೋದರು. ಈಗ ನಮ್ಮದೇ ರಾಜ್ಯ. ಅವಾ ಕೇಳ್ಲಿಕ್ಕೆ ಬಂದಿದ್ದ, ಖರೆ ಹೇಳ್ಲಿಕ್ಕೆ ಏನು ಧಾಡಿ ಬಡದಿತ್ತು ನಿನಗ?"

ಅಪ್ಪ ಹಗ್ಗ ಕೆಳಗಿಟ್ಟ. 

"ಒಮ್ಮಿ ಹೇಳೀನಿ ಮಗಾ, ಖರೆ. ಆ್ಯಕ್ಷನ್ ಆದ ಮ್ಯಾಲ ಪರ ಊರಿನ ಮಂದಿ ಗಾಡ್ಯಾಗ ಬಂದಿದ್ರು. ನಾ ಹೊಲದಾಗಿಂದ ಬರ್ತಿದ್ದೆ. ಕಲಾಯಿಯವನ ಮನಿ ಯಾವ್ದು ಅಂತ ಕೇಳಿದ್ರು. ಊರ ಅಗಸಿ ಬಾಜೂಕ್ ಅದರಿ ಅಂದೆ. ಹಿಂಗ ಬೊಟ್ಟು ಮಾಡಿ ತೋರಿಸ್ದೆ."

 ಕಲಾಯಿಯವನೆಂದರೆ ನಮ್ಮೂರ ತಾಮ್ರದ ಕೊಡಗಳಿಗೆಲ್ಲ ತವರ ಹಚ್ಚುತ್ತಿದ್ದ ಮುಸಲ್ಮಾನ. ಅಪ್ಪನೂ ಅವನೂ ಒಂದೇ ಓರಗೆಯವರು, ಒಂದೇ ಚಿಲುಮೆ ಸೇದಿದವರು. ರಜಾಕಾರರ ಮೇಲಿನ ಸೇಡನ್ನು ಮುಸಲ್ಮಾನರ ಮೇಲೆಲ್ಲ ತೀರಿಸಿಕೊಂಡ ಆ ಗದ್ದಲದಲ್ಲಿ ಅವನು ಸಂಸಾರ ಕಟ್ಟಿಕೊಂಡು ಬೀದರಿಗೆ ಓಡಿಹೋದನೆಂದು ನನಗೆ ಹೇಳಿದ್ದರು. ನಾನು ನಂಬಿದ್ದೆ. ಬೀದರಿನ ಬಜಾರಿನಲ್ಲಿ ಕಲಾಯಿಯವರನ್ನು ಕಂಡಾಗಲೆಲ್ಲ ಅವನ ಮುಖ ಹುಡುಕಿದ್ದೆ.

"ಬೀದರಿಗಿ ಹೋಗಿಲ್ಲೇನಪ್ಪಾ ಅವಾ?"

"ಎಲ್ಲೀ ಹೋಗಿಲ್ಲ. ಮನ್ಯಾಗೇ ಸುಟ್ಟರು." ಅಪ್ಪನ ದನಿ ಬಾವಿಯೊಳಗಿಂದ ಬಂದಂತಿತ್ತು. "ಕೇಳಿದವರು ಯಾಕ ಕೇಳ್ತಾರ ಅಂತ ನಮಗ ಹ್ಯಾಂಗ ಗೊತ್ತಾಗಬೇಕು? ಅವತ್ತಿನಿಂದ ಯಾರೇ ಏನೇ ಕೇಳ್ಲಿ, ನಂದು ಒಂದೇ ಮಾತು. ಎಲ್ಲಾ ಖೈರಿಯತ್ ಅದರಿ. ನಮ್ಮೂರಾಗ ಏನೂ ಇಲ್ರಿ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಮನೆ ತೋರಿಸಿದವನು ಅಪ್ಪನೆಂದು ಅವಳಿಗೂ ಗೊತ್ತಿರಲಿಲ್ಲ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವನು ಒಬ್ಬನೇ ಆ ಮಾತನ್ನು ನುಂಗಿಕೊಂಡಿದ್ದ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಶಿವನೇ ಬಲ್ಲ. ಅಂಗಳಕ್ಕೆ ಬಂದುಬಿಟ್ಟೆ.

ಮುಂದಿನ ಬೇಸಿಗೆಗೆ ತಂಗಿಯ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ಮೆಂಬರ್ ಸಾಹೇಬರು ಅಷ್ಟರಲ್ಲಿ ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಬರೆದು ಮತ್ತೆ ಕಳಿಸಿದ್ದರು. ಬೀಳಲಿ ಏಳಲಿ, ಕೇಳುತ್ತಲೇ ಇರಬೇಕು ಎನ್ನುವುದು ಅವರ ಹಟ. ಔರಾದಿನ ಜೀಪು ಮತ್ತೆ ಬರುತ್ತದೆಂದು ಸುದ್ದಿ ಬಂತು. ನಾನು ರಜೆ ಹಾಕಿ ಊರಿಗೆ ಓಡಿದೆ.

ನೋಡಿದರೆ ಅವ್ವ ತೋಟದ ಬಾವಿಯ ನೀರನ್ನೇ ತಂಬಿಗೆಗೆ ತುಂಬಿಟ್ಟಿದ್ದಾಳೆ, ತಾಟಿನಲ್ಲಿ ಬೆಲ್ಲ! ನಾನು ತಲೆ ಚಚ್ಚಿಕೊಂಡೆ. "ಮತ್ತ ಅದೇ ಮಾಡ್ದೇನವ್ವಾ?"

"ನೀರು ಕೊಡೋದು ಬ್ಯಾರೆ, ಖರೆ ಹೇಳೋದು ಬ್ಯಾರೆ. ನೀ ಸುಮ್ಮಿರು," ಅಂದಳು.

ಅಧಿಕಾರಿ ಬಂದ, ಬೆಲ್ಲ ತಿಂದ, ನೀರು ಕುಡಿದ. ಅಪ್ಪನ ಕಡೆ ತಿರುಗಿ, "ಏನ್ರಿ ಯಜಮಾನ್ರೇ, ಬಾವಿ ನೀರು ಹ್ಯಾಂಗ ಅದ?" ಅಂತ ಕೇಳಿದ. ಕಟ್ಟೆಯ ಸುತ್ತ ಊರೇ ನೆರೆದಿತ್ತು. ಅಪ್ಪನ ತುಟಿಗಳು ಅಲುಗಿದವು. ಎಲ್ಲಿ ಖೈರಿಯತ್ ಅಂದುಬಿಡುತ್ತಾನೋ ಎಂದು ನಾನು ಅವನ ಬಾಯನ್ನೇ ನೋಡುತ್ತಿದ್ದೆ.

ಅವ್ವ ಕುಂಟುತ್ತ ಹೊರಗೆ ಬಂದಳು. "ಅವರಿಗಿ ಕೇಳಬ್ಯಾಡ್ರಿ ಸಾಹೇಬ್ರೇ, ನನಗ ಕೇಳ್ರಿ," ಅಂದವಳೇ ಕಟ್ಟೆಯ ಮೇಲೆ ಕೂತು, ಸೀರೆಯ ನಿರಿಗೆಯನ್ನು ಮೊಣಕಾಲ ತನಕ ಎತ್ತಿಬಿಟ್ಟಳು. ಊರ ಗಂಡಸರೆಲ್ಲ ಹೌಹಾರಿ ಆಚೆ ತಿರುಗಿದರು. ಮೀನಖಂಡದ ಹುಣ್ಣಿನಿಂದ ಹುಳ ಹೊರಬಂದು ಕಡ್ಡಿಗೆ ಸುತ್ತಿಕೊಂಡಿತ್ತು. ಅಧಿಕಾರಿಯೂ ಮುಖ ತಿರುಗಿಸಿದ.

"ಮಾರಿ ತಿರುಗಿಸಬ್ಯಾಡ್ರಿ, ನೋಡ್ರಿ. ನೀವು ಕುಡ್ದದ್ದು ತೋಟದ ಬಾವಿ ನೀರು. ನಾವು ಕುಡಿಯೋದು ಇದು. ಒಳಗ ನನ್ನ ಮಗಳದೂ ಅದ, ಬರ್ರಿ, ತೋರಿಸ್ತೇನಿ. ನಿಮ್ಮ ಮಂತ್ರಿಗಿ ಹೇಳ್ರಿ."

ಆ ಸಲ ಮಂತ್ರಿಗಳು ಉತ್ತರ ಓದುವಾಗ ಯಾರೂ ನಗಲಿಲ್ಲವೆಂದು ಮೆಂಬರ್ ಸಾಹೇಬರು ಗಂಜಕ್ಕೆ ಬಂದು ಹೇಳಿದರು. ಬಾವಿ ಮಂಜೂರಾಯಿತು. ಮಳೆಗಾಲ ಹಿಡಿಯುವ ಮೊದಲೇ ಕಲ್ಲು ಕಟ್ಟಿ, ಹಗ್ಗ ಸೇದುವ ಗಡಗಡಿ ಹಾಕಿದರು. ತಂಗಿಯ ಹಿಮ್ಮಡಿಯ ಹುಣ್ಣು ಮಾಯ್ದರೂ ಅವಳು ಕಡೆತನಕ ಕಾಲು ಸ್ವಲ್ಪ ಎಳೆದೇ ನಡೆದಳು.

ಮೊದಲ ಕೊಡ ಸೇದಿದ ದಿನ ಊರೆಲ್ಲ ಅಲ್ಲಿತ್ತು. ಅಪ್ಪ ದೂರದಲ್ಲಿ ಒಬ್ಬನೇ ಕೂತಿದ್ದ. ಹತ್ತಿರ ಹೋದೆ. ನನ್ನ ಮುಖ ನೋಡದೆ ಕೇಳಿದ:

"ಅವತ್ತ ಖರೆ ಹೇಳಿದ್ದಕ್ಕ ಒಂದು ಮನಿ ಹೋತು. ಈಗ ಖರೆ ಹೇಳಿದ್ದಕ್ಕ ಬಾವಿ ಬಂತು. ಕೇಳಾವ ಎಂಥಾವ ಅಂತ ಮೊದಲೇ ಹ್ಯಾಂಗ ತಿಳ್ಕೋಬೇಕು ಮಗಾ? ನೀ ಸಾಲಿ ಕಲ್ತಾವ. ಹೇಳು."

ನಾನು ಅವನ ಪಕ್ಕದಲ್ಲಿ ಕೂತೆ.