ಮಂಚದ ತಲೆಕಡೆಯ ಎರಡು ಇಟ್ಟಿಗೆ

ನನ್ನ ಮಂಚದ ತಲೆಕಡೆಯ ಎರಡು ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ ಇದೆ. ವಿಕ್ರೋಳಿಯ ನಮ್ಮ ಬಿಲ್ಡಿಂಗಿನಲ್ಲಿ ಯಾರೋ ಬಾತ್‌ರೂಮ್ ಒಡೆದು ಕಟ್ಟಿಸುತ್ತಿದ್ದಾಗ ಕೇಳಿ ತಂದದ್ದು. ತೂಕ ಇಳಿಸುವ ಆಪರೇಷನ್ ಆಗಿ ಆರು ತಿಂಗಳಿಗೆ ನನಗೆ ಹುಳಿತೇಗು ಶುರುವಾಗಿತ್ತು. ಮಟ್ಟಸವಾಗಿ ಮಲಗಿದರೆ ಹೊಟ್ಟೆಯ ಹುಳಿ ಗಂಟಲಿಗೆ ಬರುತ್ತದೆ, ತಲೆ ಎತ್ತರದಲ್ಲಿದ್ದರೆ ಕಡಿಮೆ. ಇಟ್ಟಿಗೆಯ ವಿಷಯ ಇಷ್ಟೇ. ಇಷ್ಟನ್ನು ಅಕ್ಕನಿಗೆ ಆಗಲೇ ಹೇಳಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಅಕ್ಕ ಭಾಂಡುಪ್‌ನಲ್ಲಿರುವವಳು. ನನಗಿಂತ ಆರು ವರ್ಷ ದೊಡ್ಡವಳು. ಒಂದು ಮಧ್ಯಾಹ್ನ ಮನೆಗೆ ಬಂದವಳು ಬಿದ್ದ ಹೇರ್‌ಪಿನ್ ಹುಡುಕಲು ಬಗ್ಗಿ ಇಟ್ಟಿಗೆಗಳನ್ನು ಕಂಡಳು.

"ಇದೆಂತದೇ? ಮಂಚಕ್ಕೆ ಹೈ ಹೀಲ್ಸ್ ಹಾಕಿದ್ದೀಯಾ?"

"ಟ್ರಂಕ್ ತಳ್ಳಲಿಕ್ಕೆ ಅಕ್ಕ. ಇಲ್ಲದಿದ್ರೆ ಒಳಗೆ ಹೋಗುದಿಲ್ಲ."

"ಟ್ರಂಕ್ ಎಲ್ಲುಂಟು?"

"ಲಾಫ್ಟ್‌ನಲ್ಲಿ. ಇಳಿಸ್ಬೇಕಷ್ಟೆ."

ನನ್ನ ನೆನಪಿನಲ್ಲಿ ಆ ಹೊತ್ತೇ ಇಬ್ಬರೂ ಸೇರಿ ಕಬ್ಬಿಣದ ಟ್ರಂಕನ್ನು ಇಳಿಸಿದೆವು. ಅಕ್ಕ ಮೊಣಕಾಲು ನೋವಿನಲ್ಲೇ ನೆಲಕ್ಕೆ ಕೂತು ಅದನ್ನು ಮಂಚದ ಕೆಳಗೆ ತಳ್ಳಿದಳು. ನನ್ನ ಸುಳ್ಳನ್ನು ನಿಜ ಮಾಡಲು ಅವಳೇ ಬೆವರಿದಳು. ಚಿತ್ರ ಚೆನ್ನಾಗಿ ಕೂರುತ್ತದೆ, ಅದಕ್ಕೇ ನನಗೆ ಅದರ ಮೇಲೆ ಅನುಮಾನ. ಅಕ್ಕನನ್ನು ಕೇಳಿದರೆ ತಾನು ಟ್ರಂಕ್ ಮುಟ್ಟಲೇ ಇಲ್ಲ, ಮುಂದಿನ ಸಲ ಬಂದಾಗ ಅದು ಅಲ್ಲಿತ್ತು ಎನ್ನುತ್ತಾಳೆ. ಹಾಗಾದರೆ ಅವಳು ಹೋದ ಮೇಲೆ ನಾನೊಬ್ಬಳೇ ಇಳಿಸಿರಬೇಕು. ಅದು ಇನ್ನೂ ಕೆಟ್ಟದ್ದು. ಟ್ರಂಕ್ ಅಂತೂ ಈಗಲೂ ಅಲ್ಲಿದೆ. ಒಳಗೆ ನನ್ನ ಹಳೆಯ ದೊಡ್ಡ ಬಟ್ಟೆಗಳಿವೆ.

ನಾವಿಬ್ಬರೂ ಹೋಟೆಲಿನ ಮಕ್ಕಳು. ಬಾಂದ್ರಾದ ಒಂದು ಗಲ್ಲಿಯಲ್ಲಿ ಅಪ್ಪನದು ಹನ್ನೆರಡು ಟೇಬಲ್ಲಿನ ಹೋಟೆಲು. ಶಾಲೆ ಬಿಟ್ಟ ಮೇಲೆ ಅಕ್ಕ, ಅವಳಿಗೆ ಮದುವೆಯಾದ ಮೇಲೆ ನಾನು, ಗಲ್ಲಾದಲ್ಲಿ ಕೂರುತ್ತಿದ್ದೆವು. ಗಿರಾಕಿ ಬಂದು "ಆಜ್ ಕ್ಯಾ ಅಚ್ಛಾ ಹೈ?" ಎಂದು, ಇವತ್ತು ಯಾವುದು ಒಳ್ಳೆಯದೆಂದು, ಕೇಳಿದರೆ ಏನು ಹೇಳಬೇಕೆಂದು ಅಪ್ಪ ಕಲಿಸಿದ್ದರು. ಒಳಗೆ ಯಾವುದು ತಯಾರಾಗಿ ಕೂತಿದೆಯೋ ಅದನ್ನೇ ಹೊಗಳಬೇಕು. ಮಧ್ಯಾಹ್ನ ಎರಡು ಗಂಟೆಗೆ ಬಿಸಿಬೇಳೆಬಾತ್ ಉಳಿದಿದ್ದರೆ ಬಿಸಿಬೇಳೆಬಾತೇ ಒಳ್ಳೆಯದು. ಉಪ್ಪು ಜಾಸ್ತಿಯಾಗಿದ್ದು ಗೊತ್ತಿದ್ದರೂ "ಎಲ್ಲಾ ಫ್ರೆಶ್". ಇದು ಮೋಸವೆಂದು ನಮಗೆ ಅನಿಸಿದ್ದೇ ಇಲ್ಲ. ಗಲ್ಲಾದಲ್ಲಿ ಕೂತವರ ಬಾಯಿಗೆ ಅದು ನಮಸ್ಕಾರ ಅಂದಷ್ಟೇ ಸಲೀಸು.

ನಾನು ಮಾಡಿಸಿಕೊಂಡದ್ದು ಸ್ಲೀವ್. ಜಠರದ ಹೆಚ್ಚಿನ ಪಾಲನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಂಥ ಒಂದು ಸಪೂರ ಕೊಳವೆ ಮಾಡುತ್ತಾರೆ. ಇನ್ನೊಂದು ಬೈಪಾಸ್. ಅದರಲ್ಲಿ ಜಠರದ ಮೇಲ್ತುದಿಯಲ್ಲಿ ನಿಂಬೆಹಣ್ಣಿನಷ್ಟು ಚೀಲ ಬಿಟ್ಟು ಅದನ್ನು ಸೀದಾ ಕರುಳಿಗೆ ಜೋಡಿಸುತ್ತಾರೆ. ಅಕ್ಕನಿಗೆ ಸಕ್ಕರೆ ಕಾಯಿಲೆ, ಮೊಣಕಾಲು ನೋವು. ಭಾಂಡುಪ್ ಸ್ಟೇಷನ್ನಿನ ಸೇತುವೆ ಹತ್ತಲು ನಡುವೆ ಎರಡು ಸಲ ನಿಲ್ಲಬೇಕಿತ್ತು. ಜೊತೆಗೆ ಅವಳಿಗೆ ಮೊದಲಿನಿಂದಲೂ ಎದೆಯುರಿ. ಅದಕ್ಕೇ ಡಾಕ್ಟರು, "ನಿಮಗೆ ಬೈಪಾಸ್ ವಾಸಿ, ಸ್ಲೀವ್‌ನಲ್ಲಿ ಎದೆಯುರಿ ಹೆಚ್ಚಾಗಬಹುದು, ಆದರೂ ಯೋಚನೆ ಮಾಡಿ, ಮಾಡಿಸಿಕೊಂಡವರ ಹತ್ತಿರ ಮಾತಾಡಿ" ಎಂದಿದ್ದರು. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ನಾನು ನನ್ನನ್ನು ಬಿಡಿಸಿಕೊಳ್ಳಲು ಹೂಡುವ ಮೊದಲ ವಾದವೇ ಇದು: ಡಾಕ್ಟರು ಹೇಳಿದ್ದನ್ನು ಅವಳೂ ಕೇಳಿದ್ದಳಲ್ಲ. ಕೇಳಿದ್ದಳು. ಆದರೆ ಅವಳು ಮಾತಾಡಲು ಬಂದದ್ದು ನನ್ನ ಹತ್ತಿರ.

ಆಸ್ಪತ್ರೆಯಲ್ಲಿ ಕೆಲವು ಶನಿವಾರ ಮಧ್ಯಾಹ್ನ ಒಂದು ಮೀಟಿಂಗ್ ನಡೆಯುತ್ತದೆ. ಆಪರೇಷನ್ ಆದವರು ತಮ್ಮ ಅನುಭವ ಹೇಳುತ್ತಾರೆ, ಆಗಬೇಕಾದವರು ಕೇಳುತ್ತಾರೆ. ನಾನು ಅಲ್ಲಿಗೆ ಬೇಕಾದವಳಾಗಿಬಿಟ್ಟಿದ್ದೆ. ಹಳೆಯ ಚೂಡಿದಾರದ ಪ್ಯಾಂಟಿನ ಒಂದೇ ಕಾಲಿನೊಳಗೆ ನನ್ನ ಎರಡೂ ಕಾಲು ಇಳಿಸಿ ನಿಂತು ತೋರಿಸುತ್ತಿದ್ದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಆ ಶನಿವಾರ ಅಕ್ಕನೂ ಬಂದಿದ್ದಳು.

ನನಗಿಂತ ಮೊದಲು ಮಾತಾಡಿದವರು ಧಾರವಾಡ ಕಡೆಯ ಒಬ್ಬ ಹೆಂಗಸು, ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಬೈಪಾಸ್ ಆದವರು. ಹಿಂದಿಯಲ್ಲಿ ಹೇಳುತ್ತಿದ್ದವರು ನಮ್ಮ ಮಾತು ಕೇಳಿ ಕನ್ನಡಕ್ಕೆ ಹೊರಳಿದರು.

"ಒಂದು ಪೇಢೆ ತಿಂದೆ ನೋಡ್ರೀ, ಮೈಯೆಲ್ಲಾ ಬೆವತು ಎದಿ ಡವಡವ ಅಂತು. ಮನ್ಯಾಗಿನವರು ಡಾಕ್ಟರಿಗೆ ಫೋನ್ ಹಚ್ಚೂದೊಂದು ಬಾಕಿ. ಕೂದ್ಲ ಉದುರಿದ್ವು. ಗುಳಿಗಿ ಅಂತೂ ಸಾಯೂತನಕ ಬಿಡಂಗಿಲ್ಲ. ಒಂದು ತಿಂಗಳ ಬಿಟ್ಟಿದ್ದೆ, ಕಬ್ಬಿಣದಂಶ ಕಡಿಮಿಯಾಗಿ ಲೋಕಲ್ ರೈಲಿನ್ಯಾಗ ಕಣ್ಣು ಕತ್ತಲಿ ಬಂತು."

"ಹಾಗಾದ್ರೆ ಮಾಡಿಸ್ಬಾರ್ದಿತ್ತು ಅಂತೀರಾ?" ಅಕ್ಕ ಕೇಳಿದಳು.

"ಹಂಗ ಯಾರಂದ್ರು? ಸಕ್ಕರಿ ಗುಳಿಗಿ ಬಿಟ್ಟೇನಿ. ಎದಿ ಉರಿ ಅನ್ನೂದ ಮರತೇನಿ. ಅಂಗಾತ ಬಿದ್ದು ನಿದ್ದಿ ಹೊಡೀತೇನಿ. ನನಗ ಬೇಕಾಗಿದ್ದು ಸಿಕ್ತು, ಬ್ಯಾಡಾಗಿದ್ದೂ ಸಿಕ್ತು. ಎರಡೂ ಹೇಳಬೇಕಲ್ಲಾ?"

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಮೇಲೆ ನಾನು ಎದ್ದೆ, ಪ್ಯಾಂಟು ತೋರಿಸಿದೆ. ಇಡ್ಲಿ ಅರ್ಧಕ್ಕೇ ಸಾಕಾಗುವುದು, ಸಿಹಿ ತಿಂದರೂ ಏನೂ ಆಗದಿರುವುದು, ಲೋಕಲ್‌ನಲ್ಲಿ ನಾಲ್ಕನೇ ಸೀಟು ಸಿಗುವುದು, ಎಲ್ಲ ಹೇಳಿದೆ. ಎಲ್ಲವೂ ನಿಜ. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಇಟ್ಟಿಗೆಯನ್ನು ಮಾತ್ರ ಹೇಳಲಿಲ್ಲ.

ಸುಳ್ಳು ಹೇಳಿದ್ದು ವಾಪಸು ಬರುವಾಗ, ಲೇಡೀಸ್ ಡಬ್ಬಿಯಲ್ಲಿ. ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ಒಂದೇ ತೊಡೆ ಊರಿ ಕೂರುವ ಆ ಜಾಗ ನನಗೆ ಎಷ್ಟು ಹೆಮ್ಮೆಯದೆಂದು ಯಾರಿಗೂ ಹೇಳಿ ತಿಳಿಸಲಾರೆ. ಹಿಂದೆ ನನ್ನನ್ನು ಕಂಡರೆ ಸೀಟಿನಲ್ಲಿದ್ದವರು ಕಾಲು ಅಗಲ ಮಾಡಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಆವತ್ತು ಒಬ್ಬಳು ತಾನಾಗಿ ಸರಿದಳು. ನಾನು ಕೂತೆ. ಅಕ್ಕನಿಗೆ ಯಾರೂ ಸರಿಯಲಿಲ್ಲ. ಅವಳು ನನ್ನ ಮುಂದೆ ಕಂಬಿ ಹಿಡಿದು ನಿಂತಿದ್ದಳು.

"ನಿಂಗೆ ಎದೆಯುರಿ ಉಂಟಾ? ಸರಿ ಹೇಳು ಮಾರಾಯ್ತಿ."

"ಇಲ್ಲಪ್ಪ."

ಕೆಲವೊಮ್ಮೆ ನಾನು "ಅಷ್ಟೇನಿಲ್ಲ" ಅಂದಿದ್ದೆ ಎಂದು ನೆನಪಾಗುತ್ತದೆ. ಆ ನೆನಪು ಬರುವುದು ನನಗೆ ಅದು ಬೇಕಾದಾಗ ಮಾತ್ರ. ಆದ್ದರಿಂದ "ಇಲ್ಲಪ್ಪ" ಎಂದೇ ಬರೆದಿದ್ದೇನೆ.

ಯಾಕೆ ಹಾಗಂದೆ? ಬಹಳ ದಿನ ನನಗೆ ನಾನೇ ಕೊಟ್ಟುಕೊಂಡ ಉತ್ತರ ಇದು: ಹೆದರಿ ಅವಳು ಆಪರೇಷನ್ನನ್ನೇ ಬಿಟ್ಟರೆ ಎಂದು. ಒಳ್ಳೆಯ ಉತ್ತರ, ಎಲ್ಲರೂ ಒಪ್ಪುತ್ತಾರೆ. ಆದರೆ ಅವಳು ಆಪರೇಷನ್ ಬಿಡುವವಳಿರಲಿಲ್ಲ. ಅವಳು ಆರಿಸುತ್ತಿದ್ದದ್ದು ಎರಡರಲ್ಲಿ ಒಂದನ್ನು. ಗಲ್ಲಾದ ಅಭ್ಯಾಸ ಎಂಬ ಎರಡನೇ ಉತ್ತರವೂ ಇದೆ. ನನ್ನೊಳಗೆ ತಯಾರಾಗಿ ಕೂತದ್ದು ಸ್ಲೀವ್, ಅದನ್ನೇ ಹೊಗಳಿದೆ. ಇದೂ ಮುಕ್ಕಾಲು ನಿಜ. ಉಳಿದ ಕಾಲು ಭಾಗವನ್ನು ಬರೆಯಲು ನಾಚಿಕೆಯಾಗುತ್ತದೆ. ಬೈಪಾಸ್‌ನಲ್ಲಿ ತೂಕ ಇನ್ನೂ ಹೆಚ್ಚು ಇಳಿಯುತ್ತದೆ ಎಂದು ಮೀಟಿಂಗಿನಲ್ಲಿ ಕೇಳಿದ್ದೆ. ಚಿಕ್ಕಂದಿನಿಂದ ನಮ್ಮಿಬ್ಬರಲ್ಲಿ ಸ್ವಲ್ಪವಾದರೂ ತೆಳ್ಳಗೆ ಇದ್ದವಳು ಅಕ್ಕ. "ದೊಡ್ಡವಳದ್ದು ಅಡ್ಡಿಯಿಲ್ಲ, ಸಣ್ಣವಳದ್ದೇ ಚಿಂತೆ" ಎಂದು ಊರಿಂದ ಬಂದವರೆಲ್ಲ ಹೇಳುತ್ತಿದ್ದರು. ಬದುಕಿನಲ್ಲಿ ಮೊದಲ ಸಲ ನಾನು ಕೂತಿದ್ದೆ, ಅವಳು ನಿಂತಿದ್ದಳು. ನನಗೆ ಇನ್ನೂ ಸ್ವಲ್ಪ ದಿನ ಹಾಗೇ ಕೂತಿರಬೇಕಿತ್ತು.

ಅಕ್ಕ ಡಾಕ್ಟರಿಗೆ, "ನನ್ನ ತಂಗಿಗೆ ಏನೂ ತೊಂದರೆ ಆಗ್ಲಿಲ್ಲ, ನನಗೂ ಅದನ್ನೇ ಮಾಡಿ" ಎಂದಳು. ಅವರು ಇನ್ನೊಮ್ಮೆ ಹೇಳಿ ನೋಡಿದರು. ಇವಳು ಬಿಡಲಿಲ್ಲ. ಸ್ಲೀವ್ ಆಯಿತು.

ಮೊದಲ ಕೆಲವು ತಿಂಗಳು ಹಬ್ಬದ ಹಾಗಿದ್ದವು. ಸೇತುವೆಯನ್ನು ನಿಲ್ಲದೆ ಹತ್ತಿದೆ ಎಂದು ಮೇಲೆ ನಿಂತೇ ಫೋನ್ ಮಾಡಿದಳು. ಮುಂದಿನ ಮಳೆಗಾಲಕ್ಕೆ ಕೆಮ್ಮು ಬಂತು, ಹೋಗಲಿಲ್ಲ. ಆಮೇಲೆ ನೀರು ಕುಡಿದರೂ ಎದೆ ಸುಡುತ್ತದೆ ಎನ್ನತೊಡಗಿದಳು. ಗಂಜಿ, ಮಜ್ಜಿಗೆ, ಕೊನೆಗೆ ಅದೂ ವಾಂತಿ. ಎಂಡೋಸ್ಕೋಪಿಯಲ್ಲಿ ಅನ್ನನಾಳದ ಕೆಳತುದಿಯಲ್ಲಿ ಹುಣ್ಣು ಕಂಡಿತು. ಔಷಧಿಗೆ ಬಗ್ಗದೆ ಹೋದಾಗ ಡಾಕ್ಟರು, ಸ್ಲೀವನ್ನು ಬೈಪಾಸ್‌ಗೆ ಬದಲಿಸಬೇಕು, ಅಂದರೆ ಇನ್ನೊಂದು ಆಪರೇಷನ್ ಎಂದರು. ಎರಡನೆಯದು ಮೊದಲಿನದರಷ್ಟು ಸುಲಭವಲ್ಲ ಎಂದೂ ಹೇಳಿದರು.

"ನಿಂಗೆ ಆಗದ್ದು ನಂಗೆ ಯಾಕಾಯ್ತು ಅಂತ" ಎಂದು ಅಕ್ಕ ಫೋನಿನಲ್ಲಿ ಕೇಳಿದಳು. "ನಾನೇ ಎಂತದೋ ತಪ್ಪು ತಿಂದಿದ್ದೇನೆ ಕಾಣ್ತದೆ."

ನಾನು "ಹಾಗೇನಿಲ್ಲ ಅಕ್ಕ" ಎಂದೆ, ಅಷ್ಟೇ. ಎರಡು ವಾರ ಅವಳು ತಾನು ತಿಂದದ್ದನ್ನೆಲ್ಲ ನೆನಪಿಸಿಕೊಂಡು ತನ್ನನ್ನೇ ಬೈದುಕೊಂಡಳು. ಗಣಪತಿ ಹಬ್ಬಕ್ಕೆ ಅರ್ಧ ಮೋದಕ ತಿಂದದ್ದು, ನೆರೆಮನೆಯವರು ಕೊಟ್ಟ ಈರುಳ್ಳಿಯ ಕಾಂದಾ ಭಜಿ ಒಂದು ಚೂರು. ನಾನು ಕೇಳಿಸಿಕೊಂಡೆ. ರೈಲಿನಲ್ಲಿ ಹೇಳಿದ ಸುಳ್ಳಿಗಿಂತ ಈ ಎರಡು ವಾರ ನನಗೆ ಭಾರ. ಸುಳ್ಳು ಬಾಯಿ ಜಾರಿ ಬಂದದ್ದು ಎನ್ನಬಹುದು. ಈ ಮೌನವನ್ನು ನಾನು ದಿನಾ ಬೆಳಿಗ್ಗೆ ಎದ್ದು ಹೊಸದಾಗಿ ಮಾಡಬೇಕಿತ್ತು.

ಕೊನೆಗೆ ಭಾಂಡುಪ್‌ಗೆ ಹೋದೆ. ಬೆಳಗ್ಗೆ ಹತ್ತು ಗಂಟೆ ಇರಬಹುದು. ಅಕ್ಕ ಮಂಚದ ಮೇಲೆ ಬೆನ್ನಿಗೆ ನಾಲ್ಕು ದಿಂಬು ಕೊಟ್ಟು ಕೂತು ಹುರಿಯಕ್ಕಿ ಗಂಜಿಯ ತಿಳಿಯನ್ನು ಚಮಚದಲ್ಲಿ ಕುಡಿಯುತ್ತಿದ್ದಳು.

"ಅಕ್ಕ, ನನ್ನ ಮಂಚದ ಇಟ್ಟಿಗೆ ಟ್ರಂಕಿಗೆ ಅಲ್ಲ."

ಅವಳು ಚಮಚ ಬಾಯಿಗೆ ಒಯ್ಯುತ್ತಿದ್ದವಳು ನಿಲ್ಲಿಸಿದಳು. ಮತ್ತೆ ಒಯ್ದು ನುಂಗಿದಳು. ಡಾಕ್ಟರು ಹೇಳಿದಂತೆ ಎರಡು ಚಮಚದ ನಡುವೆ ಹೊತ್ತು ಬಿಟ್ಟಳು. ಆ ಬಿಡುವು ಅವಳ ಹೊಟ್ಟೆಗೋ ನನ್ನ ಮಾತಿಗೋ ನನಗೆ ಗೊತ್ತಾಗಲಿಲ್ಲ.

"ಎಷ್ಟು ದಿನ ಆಯ್ತು?"

"ನೀನು ಕೇಳುವ ಮೊದಲಿಂದ್ಲೇ."

"ಆವತ್ತು ರೈಲಿನಲ್ಲಿ?"

"ಆಗ್ಲೂ ಇತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಅಳುತ್ತಿದ್ದೆ, ಅವಳು ಸಮಾಧಾನ ಮಾಡುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. "ನೀನು ಮಾತ್ರ ಅಲ್ಲ, ನಾನೂ ಗಲ್ಲಾದಲ್ಲಿ ಕೂತವಳೇ" ಎಂದಳು. "ಗಿರಾಕಿ ಆಗಿ ಬಂದಾಗ ಅದು ಮರ್ತುಹೋಯ್ತು ನಂಗೆ." ಇನ್ನೊಂದು ಚಮಚ ನುಂಗಿ, "ನೀನು ಹೇಳಿದ್ರೂ ನಾನು ಸ್ಲೀವೇ ಮಾಡಿಸ್ತಿದ್ದೆನೋ ಏನೋ. ಈಗ ಅದು ನಂಗೂ ಗೊತ್ತಾಗುದಿಲ್ಲ, ನಿಂಗೂ ಗೊತ್ತಾಗುದಿಲ್ಲ" ಎಂದಳು. ಅದು ಕ್ಷಮೆಯೋ ಎಂದು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಅಲ್ಲ.

ಎರಡನೇ ಆಪರೇಷನ್ ಆಗಿ ಈಗ ಎಂಟು ತಿಂಗಳು. ಐದು ಗಂಟೆ ಹಿಡಿಯಿತು, ನಾನು ಹೊರಗೆ ಕೂತಿದ್ದೆ. ಆ ಐದು ಗಂಟೆಯ ಬಗ್ಗೆ ಬರೆದರೆ ನಾನು ಪಟ್ಟ ಪಾಡಿನ ಕತೆಯಾಗುತ್ತದೆ, ಅದಕ್ಕೆ ಬಿಟ್ಟಿದ್ದೇನೆ. ಅಕ್ಕನಿಗೆ ಎದೆಯುರಿ ನಿಂತಿದೆ, ಹುಣ್ಣು ಒಣಗಿದೆ. ಈಗ ಅವಳಿಗೂ ಸಿಹಿ ಆಗುವುದಿಲ್ಲ, ದಿನಾ ಬೆಳಿಗ್ಗೆ ಮಾತ್ರೆಗಳ ಸಾಲು. ನಾನು ಪೇಢೆ ತಿನ್ನಬಲ್ಲೆ, ಮಟ್ಟಸವಾಗಿ ಮಲಗಲಾರೆ. ಅವಳು ಮಲಗಬಲ್ಲಳು, ಪೇಢೆ ತಿನ್ನಲಾರಳು.

ಶನಿವಾರದ ಮೀಟಿಂಗಿನಲ್ಲಿ ಇಟ್ಟಿಗೆಯ ವಿಷಯ ಈಗ ಹೇಳುತ್ತೇನೆ. ಮೊದಲ ಸಲ ಗಡಿಬಿಡಿಯಲ್ಲಿ ಹೇಳಿ ಕೂತುಬಿಟ್ಟಿದ್ದೆ. ಮೂರನೇ ಸಲಕ್ಕೆ "ಮಂಚಕ್ಕೆ ಹೈ ಹೀಲ್ಸ್" ಎಂಬಲ್ಲಿ ಜನ ನಗುತ್ತಾರೆಂದು ಗೊತ್ತಾಗಿ, ಅಲ್ಲಿ ಒಂದು ಕ್ಷಣ ನಿಲ್ಲಿಸುವುದನ್ನು ಕಲಿತಿದ್ದೆ. ಅಂದು ಹಿಂದಿನ ಸಾಲಿನಲ್ಲಿ ಅಕ್ಕ ಕೂತಿದ್ದಳು. ಅವಳೊಬ್ಬಳು ನಗಲಿಲ್ಲ.

ಮೀಟಿಂಗ್ ಮುಗಿಸಿ ಸ್ಟೇಷನ್ ಹತ್ತಿರದ ಒಂದು ಹೋಟೆಲಿಗೆ ಹೋದೆವು. ನಮ್ಮ ಕಡೆಯವರದೇ. ಒಂದು ಪ್ಲೇಟ್ ಇಡ್ಲಿ, ಇಬ್ಬರಿಗೂ ಅದು ಹೆಚ್ಚು. ಖಾರವೆಂದರೆ ಅಕ್ಕನಿಗೆ ಈಗಲೂ ಅಂಜಿಕೆ. ಸಾಂಬಾರಿನ ಬಟ್ಟಲನ್ನು ನನ್ನ ಕಡೆ ಸರಿಸಿದಳು.

"ಹೇಗುಂಟು ನೋಡು. ಖಾರ ಉಂಟಾ?"

ನಾನು ಒಂದು ಚಮಚ ಬಾಯಿಗೆ ಹಾಕಿ ಚೆನ್ನಾಗಿ ನೋಡಿದೆ. "ಖಾರ ಇಲ್ಲ ಅಕ್ಕ. ನಿಜವಾಗಿ ಇಲ್ಲ."

ಅಕ್ಕ ತಲೆಯಾಡಿಸಿದಳು. ಆಮೇಲೆ ಪಕ್ಕದ ಟೇಬಲ್ ಒರೆಸುತ್ತಿದ್ದ ವಯಸ್ಸಾದ ವೇಟರನ್ನು ಕರೆದು ಕೇಳಿದಳು, "ಅಣ್ಣಾ, ಸಾಂಬಾರ್ ಖಾರ ಉಂಟಾ?"

"ಎಂತ ಖಾರ ಇಲ್ಲಮ್ಮ. ಎಲ್ಲಾ ಫ್ರೆಶ್."

ಅವಳು ನಕ್ಕಳು. ಎಷ್ಟೋ ದಿನಗಳ ಮೇಲೆ ನಾನು ಕೇಳಿದ ನಗು. ನಾನೂ ನಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು, ಚಮಚದ ತುದಿಯನ್ನು ಮಾತ್ರ ಅದ್ದಿ, ನಾಲಿಗೆಗೆ ತಾಗಿಸಿ ತಾನೇ ನೋಡಿದಳು.